ನುಗ್ಗಿ ಹೊಡೆಯೋದಾ, ಕಾದು ಹೊಡೆಯೋದಾ?

ನಮ್ಮ ಕಡೆ ಕುಸ್ತಿ ಅಖಾಡದ ಪಕ್ಕ ನಿಂತವರಿಗೆ ಒಂದು ಕೂಗು ಚೆನ್ನಾಗಿ ಗೊತ್ತು: "ನುಗ್ಗಲೇ, ನುಗ್ಗು!" ಒಂದು ಹೆಜ್ಜೆ ಹಿಂದೆ ಇಟ್ಟವನನ್ನ ಹೆದರ್ಕೊಂಡ ಅಂತ ಆಡ್ಕೊಳ್ತಾರೆ. ಮೊಬೈಲಲ್ಲಿ ಬಾಕ್ಸಿಂಗ್ ನೋಡುವಾಗಲೂ ನಮ್ಮದು ಅದೇ ಕಣ್ಣು. ಮುಂದೆ ಮುಂದೆ ಹೋಗ್ತಿರೋನೇ ಗೆಲ್ತಿದ್ದಾನೆ ಅನ್ಸುತ್ತೆ.

ಆದರೆ ಎದುರಾಳಿ ಕೈ ಬೀಸಲಿ ಅಂತ ಕಾದು, ಆ ಗಳಿಗೆಯಲ್ಲೇ ತಿರುಗೇಟು ಕೊಡೋ ಬಾಕ್ಸರ್‌ಗಳೂ ಇದ್ದಾರೆ. ಇದಕ್ಕೆ ಕೌಂಟರ್‌ಪಂಚ್ ಅಂತಾರೆ. ಎರಡರಲ್ಲಿ ಯಾವುದು ಮೇಲು? ಗುಂಡಿಗೆ ಎಷ್ಟಿದೆ ಅನ್ನೋದಕ್ಕಿಂತ ಮೊದಲು, ಗೆಲುವನ್ನ ಹೇಗೆ ಎಣಿಸ್ತಾರೆ ಅಂತ ನೋಡ್ಬೇಕು ಅಂತೀನಿ ನಾನು.

ನಮ್ಮೂರ ಹತ್ತಿರದಿಂದಲೇ ಶುರು ಮಾಡೋಣ. ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ? ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸ್ಕೊಂಡು, ಬಲಗೈಗೆ ಮೊನೆಗಳಿರೋ ಆಯುಧ ತೊಟ್ಟು ಇಳೀತಾರೆ. ಯಾರ ತಲೆಯಿಂದ ಮೊದಲು ರಕ್ತ ಬಂತೋ, ಅಲ್ಲಿಗೆ ಕಾಳಗ ಮುಗೀತು. ಎಷ್ಟೋ ಸಲ ಕಣ್ಣು ಮಿಟುಕಿಸೋದರಲ್ಲಿ ಮುಗಿದೇ ಹೋಗಿರುತ್ತೆ.

ದಸರಾ ಶುರುವಾಗಿದ್ದು 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಜಟ್ಟಿಗಳ ಕಾಳಗವೂ ಅಲ್ಲಿ ನಡೀತಿತ್ತು. ಟಿಪ್ಪು ಕಾಲದಲ್ಲಿ ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅನ್ನೋ ಇಂಗ್ಲಿಷಿನವನು ಅದನ್ನ ನೋಡಿ ಬರೆದಿಟ್ಟಿದ್ದಾನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. ಸುಲ್ತಾನ ಸನ್ನೆ ಮಾಡಿದ ಕೂಡಲೇ ಜಟ್ಟಿಗಳು ಮಾಡ್ತಿದ್ದ ಮೊದಲ ಕೆಲಸ, ಕೊರಳಲ್ಲಿದ್ದ ಹೂವನ್ನ ಒಬ್ಬರ ಮುಖಕ್ಕೆ ಒಬ್ಬರು ಎಸೆಯೋದು! ಆಮೇಲೆ ಬಲಗೈಯಲ್ಲಿ ಹೊಡೆಯೋಕೆ ಸಂದು ಹುಡುಕೋದು.

ಅದು ಶಾಸ್ತ್ರಕ್ಕೆ ಇತ್ತೋ ತಂತ್ರಕ್ಕೆ ಇತ್ತೋ, ಬಾಕ್ಸಿಂಗ್ ಕಣ್ಣಲ್ಲಿ ನೋಡಿದ್ರೆ ಅದು ಫೇಂಟ್, ಅಂದ್ರೆ ಹುಸಿ ಏಟು. ಮುಖಕ್ಕೆ ಏನಾದ್ರೂ ಬಂದ್ರೆ ಕಣ್ಣು ಮುಚ್ಚುತ್ತೆ, ಕೈ ಏಳುತ್ತೆ. ಮೊದಲ ರಕ್ತಕ್ಕೇ ಸೋಲು ಅಂದಮೇಲೆ ಕಣ್ಮುಚ್ಚಿ ನುಗ್ಗೋಕಾಗಲ್ಲ, ಸುಮ್ನೆ ಕಾಯೋಕೂ ಆಗಲ್ಲ. ಎದುರಾಳಿಯನ್ನ ಮೊದಲು ಅಲುಗಾಡಿಸ್ಬೇಕು.

ಈಗ ಬಾಕ್ಸಿಂಗ್ ರಿಂಗಿಗೆ ಬನ್ನಿ. ಕೌಂಟರ್ ಏಟು ಯಾಕೆ ಅಷ್ಟು ಜೋರು ಅಂದ್ರೆ, ಎದುರಾಳಿ ತಾನೇ ಓಡಿ ಬಂದು ನಿಮ್ಮ ಮುಷ್ಟಿಗೆ ಮುಖ ಕೊಡ್ತಾನೆ. ಅವನ ವೇಗವೂ ನಿಮ್ಮ ಏಟಿಗೆ ಸೇರುತ್ತೆ. ಹೊಡೆಯೋಕೆ ಚಾಚಿದ ಕೈ ಗಲ್ಲ ಕಾಯೋಕೆ ಇನ್ನೂ ವಾಪಸ್ ಬಂದಿರಲ್ಲ.

ಇದಕ್ಕೆ ಮೆಕ್ಸಿಕೋದ ಹುವಾನ್ ಮ್ಯಾನುಯೆಲ್ ಮಾರ್ಕೆಜ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಫಿಲಿಪೀನ್ಸ್‌ನ ಮ್ಯಾನಿ ಪಕಿಯಾವೊ ನುಗ್ಗೋ ಆಟಗಾರ, ಮಾರ್ಕೆಜ್ ಕಾಯೋನು. 2004ರಲ್ಲಿ ಮೊದಲ ಸುತ್ತಿನಲ್ಲೇ ಮಾರ್ಕೆಜ್ ಮೂರು ಸಲ ಬಿದ್ದ, ಆದ್ರೂ ಎದ್ದು ಪಂದ್ಯ ಡ್ರಾ ಮಾಡ್ಕೊಂಡ. 2008, 2011ರಲ್ಲಿ ಜಡ್ಜ್‌ಗಳ ಅಂಕದಲ್ಲಿ ಸೋತ. ಅಂದ್ರೆ ಮೂರು ಪಂದ್ಯ, ಒಂದೂ ಗೆಲುವಿಲ್ಲ. 2012ರ ಡಿಸೆಂಬರ್ 8ರ ನಾಲ್ಕನೇ ಪಂದ್ಯದಲ್ಲೂ ಐದು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳೂ ಪಕಿಯಾವೊಗೆ 47-46 ಕೊಟ್ಟಿದ್ರು. ಆರನೇ ಸುತ್ತು ಮುಗಿಯೋಕೆ ಒಂದು ಸೆಕೆಂಡ್ ಇದ್ದಾಗ ಪಕಿಯಾವೊ ಒಳಗೆ ನುಗ್ಗಿದ. ಮಾರ್ಕೆಜ್‌ನ ಒಂದೇ ಬಲಗೈ ಏಟಿಗೆ ಮುಖ ಅಡಿಯಾಗಿ ಬಿದ್ದ.

ಬಿಕಾಂ ಓದಿದವನಾಗಿ ಹೇಳ್ತೀನಿ, ಕಾಯೋದಕ್ಕೂ ಬಂಡವಾಳ ಬೇಕು. ನೀವು ಸುಮ್ನಿದ್ದ ಪ್ರತಿ ಸುತ್ತೂ ಬಡ್ಡಿ ಏರ್ತಾ ಇರುತ್ತೆ, ಯಾಕಂದ್ರೆ ಜಡ್ಜ್ ಕಣ್ಣಿಗೆ ಕಾಣೋದು ಹೊಡೆದ ಏಟು. ಪ್ರೊಫೆಷನಲ್ ಪಂದ್ಯದಲ್ಲಿ ಹನ್ನೆರಡು ಸುತ್ತಿನವರೆಗೂ ಇರುತ್ತೆ, ಸಾಲ ತೀರಿಸೋಕೆ ಟೈಮ್ ಸಿಗಬಹುದು. ನಮ್ಮ ಹುಡುಗ ಹುಡುಗಿಯರು ಆಡೋ ಅಮೆಚೂರ್ ಬಾಕ್ಸಿಂಗ್‌ನಲ್ಲಿ ದೊಡ್ಡವರಿಗೂ ಮೂರೇ ಸುತ್ತು, ತಲಾ ಮೂರು ನಿಮಿಷ. ಮೊದಲ ಸುತ್ತು ಓದೋದರಲ್ಲೇ ಕಳೆದ್ರೆ ಪರೀಕ್ಷೆಯ ಮೂರನೇ ಒಂದು ಭಾಗ ಹೋಯ್ತು. ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದ್ರೆ ಮೂರನೆಯದು ಡೂ ಆರ್ ಡೈ. ಫ್ರೀಸ್ಟೈಲ್ ಕುಸ್ತಿಯಲ್ಲಿ ಸುಮ್ನೆ ತಪ್ಪಿಸ್ಕೊಳ್ತಿದ್ರೆ ರೆಫ್ರಿ 30 ಸೆಕೆಂಡ್ ಗಡುವು ಕೊಡ್ತಾನೆ, ಅಷ್ಟರಲ್ಲಿ ಪಾಯಿಂಟ್ ಬರದಿದ್ರೆ ಎದುರಾಳಿಗೆ ಒಂದು ಪಾಯಿಂಟ್. ಕಾಯೋನನ್ನ ರೂಲೇ ಮುಂದಕ್ಕೆ ತಳ್ಳುತ್ತೆ.

ಹಾಗಂತ ಮುಖ ಕೊಟ್ಕೊಂಡು ನುಗ್ಗಿ ಅಂತ ಹೇಳ್ತಿಲ್ಲ. ಮೈಕ್ ಟೈಸನ್ ಅಂದ್ರೆ ನುಗ್ಗೋದು ಅಂತಲೇ ಎಲ್ಲರ ನೆನಪು. ಹಳೇ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ. ಎರಡೂ ಕೈ ಕೆನ್ನೆಗೆ ಅಂಟಿಸ್ಕೊಂಡು, ತಲೆ ಆಡಿಸ್ತಾ ಹತ್ತಿರ ಹೋಗ್ತಾನೆ, ಎದುರಾಳಿ ಗಾಬರಿಯಲ್ಲಿ ಕೈ ಬೀಸ್ತಾನೆ, ಅದನ್ನ ತಪ್ಪಿಸಿ ಟೈಸನ್ ಹೊಡೀತಾನೆ. ಅದೂ ಕೌಂಟರೇ. ಕಾಲು ಮುಂದೆ ಹೋಗಿದೆ, ಅಷ್ಟೇ. ಮೂರು ಸುತ್ತಿನ ಆಟಕ್ಕೆ ನನ್ನ ಓಟು ಇದಕ್ಕೇ.

ಇನ್ನು ಮಹಮ್ಮದ್ ಅಲಿ ವಿಷಯ. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ, ಜಾರ್ಜ್ ಫೋರ್‌ಮನ್ ಹೊಡೆದು ಹೊಡೆದು ಸುಸ್ತಾಗೋವರೆಗೂ ಕಾದು, ಎಂಟನೇ ಸುತ್ತಿನಲ್ಲಿ ಕೆಡವಿದ. ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಆ ಕೊನೇ ಏಟು ಮಾತ್ರ ಬರುತ್ತೆ. ಅದಕ್ಕೆ ಮುಂಚೆ ತಿಂದ ಏಟು ಯಾರೂ ಹಾಕಲ್ಲ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಇದೆ ಅಂತ ಗೊತ್ತಾಯ್ತು. ಬಾಕ್ಸಿಂಗ್‌ನಿಂದಲೇ ಬಂತಾ ಅನ್ನೋದು ವೈದ್ಯರ ಚರ್ಚೆ. ಆದರೆ ತಲೆಗೆ ಮತ್ತೆ ಮತ್ತೆ ಬೀಳೋ ಏಟು ಮಿದುಳನ್ನ ಹಾಳು ಮಾಡುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಅದಕ್ಕೇ, ಹೊಸದಾಗಿ ಗ್ಲೌಸ್ ಹಾಕ್ತಿರೋ ತಮ್ಮ ತಂಗಿಯರು ಯಾವ ಸ್ಟೈಲ್ ಅಂತ ಕೋಚ್‌ನ ಕೇಳೋಕೆ ಮುಂಚೆ, ಏಟು ತಪ್ಪಿಸೋದನ್ನ ಎಷ್ಟು ದಿನ ಕಲಿಸ್ತೀರ ಸಾರ್ ಅಂತ ಕೇಳಿ. "ತಿಂದು ತಿಂದು ಗಟ್ಟಿ ಆಗ್ತೀಯ" ಅನ್ನೋ ಜಿಮ್ ಆದ್ರೆ ಬೇರೆ ಕಡೆ ನೋಡಿ.

ಇವತ್ತು ರಾತ್ರಿ ಟೈಮ್ ಇದ್ರೆ ಮಾರ್ಕೆಜ್-ಪಕಿಯಾವೊ ನಾಲ್ಕನೇ ಪಂದ್ಯದ ಆರನೇ ಸುತ್ತು ಹುಡುಕಿ. ಸೌಂಡ್ ಆಫ್ ಮಾಡಿ, ಕೊನೇ ಹತ್ತು ಸೆಕೆಂಡ್ ಮಾರ್ಕೆಜ್‌ನ ಕಾಲು ಮಾತ್ರ ನೋಡಿ. ನಿಮಗೆ ಏನು ಕಾಣಿಸ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಹಾಕ್ತೀನಿ.