ಜೀರ್ಣೋದ್ಧಾರದ ಧರ್ಮ



ನೂತನ ಜಿನಾಲಯವನ್ನು ಕಟ್ಟಿಸುವುದು ಪುಣ್ಯಕಾರ್ಯ. ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದೂ ಅಷ್ಟೇ ಪುಣ್ಯಕರ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಉದ್ಧರಿಸಿದುದನ್ನು ಶಾಸನಗಳು ಕೊಂಡಾಡಿವೆ. ಆತನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ನಿರ್ಮಿಸಿದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಕೆರೆಬಿಳಚಿಯ ನೆರೆಯ ಸೂಳೆಕೆರೆಯ ಏರಿಯೂ ಸಿಮೆಂಟು ಬರುವ ಮೊದಲಿನದೇ.

ಇಂದಿನ ಕಟ್ಟಡ ನಿಯಮಗಳು ಬಯಸುವ ಭದ್ರತೆ ಅವಶ್ಯಕ, ನಿಜ. ಆದರೆ ಗಾರೆಯ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಉಳಿದು, ಲವಣ ಸೇರಿ, ಕಲ್ಲಿನ ಮೈ ಸುಲಿಯುತ್ತದೆ. ಕಬ್ಬಿಣವು ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತದೆ. ಅಥೆನ್ಸಿನ ಪಾರ್ಥೆನಾನ್ ದೇಗುಲದಲ್ಲಿ 20ನೆಯ ಶತಮಾನದ ಆದಿಭಾಗದಲ್ಲಿ ಸೇರಿಸಿದ ಕಬ್ಬಿಣವು ಅಮೃತಶಿಲೆಯನ್ನು ಹೀಗೆಯೇ ಒಡೆಯಿತು. ಮುಂದೆ ಅದನ್ನು ತೆಗೆದು ಟೈಟಾನಿಯಂ ಜೋಡಿಸಬೇಕಾಯಿತು.

ಆದುದರಿಂದ ಮೊದಲು ತಳಪಾಯ, ಸೋರಿಕೆ, ಮೇಲಿನ ಭಾರ ಇವುಗಳನ್ನು ಬಲ್ಲ ಎಂಜಿನಿಯರರಿಂದ ಪರೀಕ್ಷಿಸಿ, ಗಾರೆಗೆ ಗಾರೆಯನ್ನೇ, ಕಲ್ಲಿಗೆ ಕಲ್ಲನ್ನೇ ಕೊಡಬೇಕು. ವಿದ್ಯುತ್ ತಂತಿಗಳನ್ನು ಕೆತ್ತನೆಯನ್ನು ಕೊರೆಯದೆ ಎಳೆಯಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 1958ರ ಕಾಯಿದೆಯನ್ನು ಅನುಸರಿಸುವುದು ಕರ್ತವ್ಯ.

ಹಿರಿಯರು ಒಪ್ಪಿಸಿದ ಜಿನಾಲಯವನ್ನು ರೂಪಗೆಡಿಸದೆ, ಭದ್ರಪಡಿಸಿ ಮುಂದಿನ ಪೀಳಿಗೆಗೆ ಒಪ್ಪಿಸುವುದೇ ಜೀರ್ಣೋದ್ಧಾರ. ಜಯ ಜಿನೇಂದ್ರ.