ಸೈಕಲ್ಲಿಗೆ ಎಂಜಿನ್: ಏರುವ ಲೆಕ್ಕ, ಇಳಿಯುವ ಲೆಕ್ಕ



ಮಲೆನಾಡಿನ ಮನೆಗಳಲ್ಲಿ ಸಣ್ಣ ಎಂಜಿನ್ ಈಗ ಅಪರೂಪದ ವಸ್ತುವಲ್ಲ. ತೋಟದ ಕಳೆ ಹೊಡೆಯುವ ವೀಡ್ ಕಟರ್, ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು, ಮರ ಕೊಯ್ಯುವ ಗರಗಸ, ಎಲ್ಲವೂ ಅಂಗೈಯಗಲದ ಎಂಜಿನ್ನಿನಿಂದಲೇ ಓಡುತ್ತವೆ. ವರ್ಷದ ಬಹುಪಾಲು ಅವು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತವೆ. ಅದೇ ಮನೆಯ ಗೋಡೆಗೆ ಒಂದು ಸೈಕಲ್ಲು ಒರಗಿರುತ್ತದೆ. ಏರುದಾರಿಯಲ್ಲಿ ತಳ್ಳಿಕೊಂಡೇ ಹೋಗಬೇಕಾದುದರಿಂದ ಅದನ್ನು ಹೊರತೆಗೆಯುವವರೂ ಕಡಿಮೆ. ಈ ಎರಡನ್ನೂ ದಿನವೂ ನೋಡುವ ಹುಡುಗನಿಗೆ ಒಂದನ್ನು ಮತ್ತೊಂದಕ್ಕೆ ಜೋಡಿಸಿಬಿಡುವ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಆಸೆಗೆ ಎಂಬತ್ತು ವರ್ಷಗಳ ಚರಿತ್ರೆಯೊಂದಿದೆ. ಅದು ಬೇರೊಂದು ಗುಡ್ಡಗಾಡಿನ ದೇಶದಲ್ಲಿ, ಸೋತು ಸುಣ್ಣವಾದ ದಿನಗಳಲ್ಲಿ ನಡೆದುದು.

1946ರ ಜಪಾನ್. ಬಾಂಬಿನ ದಾಳಿಗೆ ತುತ್ತಾಗಿದ್ದ ಹಮಾಮಾತ್ಸು ಪಟ್ಟಣದಲ್ಲಿ ಸೊಯಿಚಿರೊ ಹೊಂಡಾ ಎಂಬ ಮೆಕ್ಯಾನಿಕ್ ತನ್ನ ಹಳೆಯ ಪಿಸ್ಟನ್ ರಿಂಗ್ ಕಾರ್ಖಾನೆಯನ್ನು ಮಾರಿದ್ದ. ಪರಿಚಿತರೊಬ್ಬರ ಮನೆಯಲ್ಲಿ ಸೇನೆಯ ವೈರ್‌ಲೆಸ್ ಉಪಕರಣಕ್ಕೆ ವಿದ್ಯುತ್ ಒದಗಿಸುತ್ತಿದ್ದ ಪುಟ್ಟ ಎಂಜಿನ್ನೊಂದು ಆತನ ಕಣ್ಣಿಗೆ ಬಿತ್ತು. ಯುದ್ಧ ಮುಗಿದಿತ್ತು, ಅಂತಹ ಎಂಜಿನ್ನುಗಳು ಯಾರಿಗೂ ಬೇಡವಾಗಿದ್ದವು. ಸುಮಾರು 500 ಎಂಜಿನ್ನುಗಳನ್ನು ಆತ ಕೊಂಡುಕೊಂಡ, ಬಿಚ್ಚಿ ಸರಿಪಡಿಸಿದ, ಸೈಕಲ್ಲುಗಳಿಗೆ ಕೂಡಿಸತೊಡಗಿದ. ಮೊದಲ ಮಾದರಿಯ ಇಂಧನದ ತೊಟ್ಟಿ ಯಾವುದೆಂದರೆ, ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಾಗಿಸಲು ಇಡುವ ಬಿಸಿನೀರಿನ ಡಬ್ಬಿ.

ಎಂಜಿನ್ನನ್ನು ಮುಂದಿನ ಚಕ್ರದ ಮೇಲಿಟ್ಟು, ಉರುಳೆಯೊಂದನ್ನು ಟಯರಿಗೆ ಒತ್ತಿಹಿಡಿದು ಓಡಿಸುವುದು ಆತನ ಮೊದಲ ಪ್ರಯತ್ನ. ಫ್ರಾನ್ಸಿನ ವೆಲೊಸೊಲೆಕ್ಸ್ ಇದೇ ವಿಧಾನದಲ್ಲಿ ಹೆಸರು ಮಾಡಿತು. ಆದರೆ ಯುದ್ಧಾನಂತರದ ಜಪಾನಿನ ಕಳಪೆ ಟಯರುಗಳು ಉರುಳೆಯ ಉಜ್ಜಾಟವನ್ನು ತಾಳಲಿಲ್ಲ. ಆತ ಎಂಜಿನ್ನನ್ನು ಚೌಕಟ್ಟಿನೊಳಗೆ ಇಳಿಸಿ, ಬೆಲ್ಟಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸಿದ. ಹೆಂಡತಿ ಸಾಚಿ ಆ ಗಾಡಿಯನ್ನು ಏರಿ ಊರೊಳಗೆ ಓಡಾಡಿ ಬಂದಳು. ತನ್ನ ಒಳ್ಳೆಯ ಉಡುಪಿನ ತುಂಬ ಎಣ್ಣೆ ಸಿಡಿದಿದೆಯೆಂದು ಗಂಡನನ್ನು ತರಾಟೆಗೂ ತೆಗೆದುಕೊಂಡಳು. ಕಾರ್ಬ್ಯುರೇಟರಿನಿಂದ ಇಂಧನ ಹಿಮ್ಮುಖವಾಗಿ ಚಿಮ್ಮುತ್ತಿದ್ದ ದೋಷ ಹೀಗೆ ಬೆಳಕಿಗೆ ಬಂತು. ಯಂತ್ರದ ಚರಿತ್ರೆ ಬರೆಯುವವರು ಇಂತಹ ಪರೀಕ್ಷಕರನ್ನು ಮರೆಯುವುದೇ ಹೆಚ್ಚು.

ಕೊಂಡ ಎಂಜಿನ್ನುಗಳು ಮುಗಿದ ಮೇಲೆ 1947ರಲ್ಲಿ ಸ್ವಂತ ಎಂಜಿನ್ ಬಂತು. 1952ರ ಕಬ್ ಎಂಬ ಎಂಜಿನ್ ಕೇವಲ 6 ಕಿಲೋ ತೂಕದ್ದು. ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಪತ್ರ ಬರೆದು ಅದನ್ನು ಮಾರಲಾಯಿತು. 1958ರ ಸೂಪರ್ ಕಬ್ 2017ರ ವೇಳೆಗೆ 10 ಕೋಟಿಯ ಗಡಿ ದಾಟಿತು. ಇಷ್ಟು ಎಲ್ಲರೂ ಹೇಳುವ ಕಥೆ.

ಗುಡ್ಡಗಾಡಿನವರು ಕೇಳಬೇಕಾದ ಪ್ರಶ್ನೆ ಬೇರೆ. ಪೆಟ್ರೋಲಿಗೆ ಕಟ್ಟುನಿಟ್ಟಿನ ಪಡಿತರವಿದ್ದ ಆ ದಿನಗಳಲ್ಲಿ ಆ ಎಂಜಿನ್ನುಗಳು ಏನನ್ನು ಕುಡಿದು ಓಡಿದವು? ಪೈನ್ ಮರದಿಂದ ತೆಗೆದ ಟರ್ಪೆಂಟೈನನ್ನು. ಅದು ಸುಲಭವಾಗಿ ಹೊತ್ತಿಕೊಳ್ಳುವ ಎಣ್ಣೆಯಲ್ಲ. ಎಂಜಿನ್ ಬಿಸಿಯಾಗುವವರೆಗೆ ಸವಾರ ಬೆವರು ಸುರಿಸಿ ಪೆಡಲ್ ತುಳಿಯಬೇಕಿತ್ತು.

ಪೈನ್ ಎಣ್ಣೆಯ ಹಿಂದೆ ಇನ್ನೂ ಕಹಿಯಾದ ಕಥೆಯಿದೆ. 1944-45ರಲ್ಲಿ ತೈಲದ ಹಡಗುಗಳು ಬರುವುದು ನಿಂತಾಗ ಜಪಾನ್ ಸರಕಾರ ಪೈನ್ ಬೇರುಗಳಿಂದ ವಿಮಾನದ ಇಂಧನ ತೆಗೆಯಲು ಇಡೀ ಹಳ್ಳಿಗಾಡನ್ನೇ ಹೂಡಿತು. ಇನ್ನೂರು ಬೇರುಗಳಿಂದ ಒಂದು ವಿಮಾನ ಒಂದು ಗಂಟೆ ಹಾರುತ್ತದೆಂದು ಪ್ರಚಾರ ಮಾಡಲಾಯಿತು. ಮುದುಕರು, ಶಾಲೆಯ ಮಕ್ಕಳು ಗುದ್ದಲಿ ಹಿಡಿದು ಗುಡ್ಡ ಹತ್ತಿದರು. ಬೇರು ಬೇಯಿಸಲು 30,000ಕ್ಕೂ ಹೆಚ್ಚು ಭಟ್ಟಿಗಳು ಎದ್ದವು. ಕೊನೆಗೆ ವಿಮಾನಕ್ಕೆ ದಕ್ಕಿದ ಇಂಧನ ಅತ್ಯಲ್ಪ. ಬೋಳಾದ ಗುಡ್ಡಗಳು ಮಾತ್ರ ಉಳಿದವು. ಮರ ಕಡಿದ ಜಾಗದಲ್ಲಿ ಬೇರು ಕೊಳೆಯುವವರೆಗಾದರೂ ಕೆಲವು ವರ್ಷ ಮಣ್ಣನ್ನು ಹಿಡಿದಿಟ್ಟಿರುತ್ತದೆ. ಬೇರನ್ನೇ ಅಗೆದು ತೆಗೆದ ಇಳಿಜಾರಿಗೆ ಆ ಆಸರೆಯೂ ಇಲ್ಲ. ಧರೆ ಕುಸಿತ ಕಂಡ ಊರಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಇನ್ನು ಮನೆಯ ಎಂಜಿನ್ನಿಗೆ ಬರೋಣ. ಸವಾರ, ಸೈಕಲ್ಲು, ಎಂಜಿನ್ ಸೇರಿ 100 ಕಿಲೋ ತೂಕವೆಂದು ಹಿಡಿಯಿರಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 360 ವಾಟ್, ಅಂದರೆ ಅರ್ಧ ಅಶ್ವಶಕ್ತಿ ಬೇಕು. ಸಾಮಾನ್ಯ ಮನುಷ್ಯನ ಕಾಲುಗಳು ಬಹಳ ಹೊತ್ತು ಕೊಡಬಲ್ಲದ್ದು 75ರಿಂದ 100 ವಾಟ್. ವೀಡ್ ಕಟರಿನ ಒಂದು ಅಶ್ವಶಕ್ತಿಯ ಎಂಜಿನ್ನಿಗೆ ಈ ಕೆಲಸ ಭಾರವೇನಲ್ಲ. ತೊಡಕಿರುವುದು ಶಕ್ತಿಯಲ್ಲಲ್ಲ, ಸುತ್ತುಗಳಲ್ಲಿ. ಆ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗಿದಾಗ ಚೆನ್ನಾಗಿ ದುಡಿಯುತ್ತದೆ. 26 ಇಂಚಿನ ಸೈಕಲ್ ಚಕ್ರವೋ ಗಂಟೆಗೆ 12 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 100 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಎಪ್ಪತ್ತು ಸುತ್ತನ್ನು ಒಂದಕ್ಕೆ ಇಳಿಸಬೇಕು. 30 ಮಿಲಿಮೀಟರಿನ ಉರುಳೆಯನ್ನು ಟಯರಿಗೆ ಒತ್ತಿದರೆ ಇಳಿಯುವುದು ಇಪ್ಪತ್ತೆರಡರಷ್ಟು ಮಾತ್ರ. ಸಪಾಟು ನೆಲದಲ್ಲಿ ಗಾಡಿ ಹಾರಿಕೊಂಡು ಹೋಗುತ್ತದೆ, ಏರಿನಲ್ಲಿ ಎಂಜಿನ್ ಉಸಿರುಗಟ್ಟುತ್ತದೆ, ಮಳೆಯಲ್ಲಿ ಉರುಳೆ ಜಾರುತ್ತದೆ. ಆದುದರಿಂದ ಘಟ್ಟದ ದಾರಿಗೆ ನಡುವೆ ಒಂದು ಹೆಚ್ಚುವರಿ ಗೇರು, ಅಲ್ಲಿಂದ ಚಕ್ರಕ್ಕೆ ಚೈನು, ಹೀಗೆ ಎರಡು ಹಂತದ ಇಳಿಕೆ ಅನಿವಾರ್ಯ.

ಐನೂರು ಮೀಟರ್ ಎತ್ತರಕ್ಕೆ ಈ ನೂರು ಕಿಲೋ ಭಾರವನ್ನು ಏರಿಸಲು ಸಣ್ಣ ಎಂಜಿನ್ನಿಗೆ ಸುಮಾರು 100 ಮಿಲಿಲೀಟರ್ ಪೆಟ್ರೋಲ್ ಸಾಕು. ಇದು ಯಾರನ್ನಾದರೂ ಮರುಳು ಮಾಡುವ ಲೆಕ್ಕ. ಆದರೆ ಏರಿಸಿದ ಶಕ್ತಿಯೆಲ್ಲವೂ ಇಳಿಯುವಾಗ ಹಿಂದಿರುಗಿ ಬರುತ್ತದೆ. ಒಂದೂವರೆ ಲೀಟರ್ ನೀರನ್ನು ಕುದಿಸಬಲ್ಲಷ್ಟು ಶಾಖ ಅದು. ಗಾಳಿ ಸ್ವಲ್ಪ ಪಾಲು ತೆಗೆದುಕೊಂಡೀತು, ಮಿಕ್ಕದ್ದನ್ನು ಬೆರಳುದ್ದದ ನಾಲ್ಕು ರಬ್ಬರ್ ತುಂಡುಗಳು ನುಂಗಬೇಕು. ಹಳೆಯ ಸೈಕಲ್ಲಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದು ನೆಪಕ್ಕೆ. ಇಳಿಜಾರಿನಲ್ಲಿ ವೇಗ ಇಮ್ಮಡಿಯಾದರೆ ತಡೆಯಬೇಕಾದ ಶಕ್ತಿ ನಾಲ್ಮಡಿ. ಮೋಟರ್‌ಸೈಕಲ್ಲಿನಲ್ಲಿ ಗೇರಿಗೆ ಹಾಕಿ ಇಳಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ವೀಡ್ ಕಟರಿನ ಕ್ಲಚ್ಚು ಹಾಗಲ್ಲ; ಆಕ್ಸಿಲರೇಟರ್ ಬಿಟ್ಟು ಎಂಜಿನ್ ನಿಧಾನವಾದೊಡನೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ, ಸವಾರ ಬರಿಯ ಸೈಕಲ್ಲಿನ ಮೇಲೆ ಉಳಿಯುತ್ತಾನೆ. ಏರುವ ಯಂತ್ರವನ್ನು ಹುಡುಗರು ಒಂದು ವಾರದಲ್ಲಿ ಕಟ್ಟಿಯಾರು. ಮುಂದಿನ ಚಕ್ರಕ್ಕೆ ಡಿಸ್ಕ್ ಅಥವಾ ಡ್ರಮ್ ಬ್ರೇಕು ಕೂಡಿಸುವ ಮೊದಲು ಅದನ್ನು ಘಟ್ಟದಲ್ಲಿ ಇಳಿಸಲು ಬಿಡುವುದು ಹಿರಿಯರ ತಪ್ಪು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿ.ಸಿ. ಮೀರದ ಎಂಜಿನ್ ಇರುವ ಗಾಡಿ ಮೋಟಾರು ವಾಹನವಲ್ಲ. ಅದನ್ನು ಮೀರಿದರೆ ನೋಂದಣಿ, ವಿಮೆ, ಪರವಾನಗಿ ಎಲ್ಲವೂ ಬೇಕು. ತೋಟಗಳಲ್ಲಿ ಕಾಣುವ 35, 43, 52 ಸಿ.ಸಿ. ಯಂತ್ರಗಳೆಲ್ಲ ಈ ಗೆರೆಯ ಆಚೆಗಿವೆ.

ಅವುಗಳಲ್ಲಿ ಹಲವು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನುಗಳು. ಹೊಸ ಇಂಧನ ಒಳಬರುವ ಕ್ಷಣದಲ್ಲೇ ಹೊಗೆ ಹೊರಹೋಗುವ ಕಿಂಡಿಯೂ ತೆರೆದಿರುವುದರಿಂದ, ಕೊಂಡ ಪೆಟ್ರೋಲಿನ ಗಣನೀಯ ಪಾಲು ಉರಿಯದೆಯೇ ಗಾಳಿ ಸೇರುತ್ತದೆ, ಜೊತೆಗೆ ಬೆರೆಸಿದ ಎಣ್ಣೆಯೂ. ಕಾಡಿನಂಚಿನ ದಾರಿಯಲ್ಲಿ ಅದರ ಕಿರುಚಾಟ ಬೇರೆ. ಕಟ್ಟಲೇಬೇಕೆಂದರೆ ನಾಲ್ಕು ಹೊಡೆತದ್ದನ್ನು ಆರಿಸುವುದು ಮೇಲು.

ಮತ್ತೊಂದು ದಾರಿಯೂ ತೆರೆದಿದೆ. ಪಶ್ಚಿಮಘಟ್ಟದ ಹಲವು ಒಂಟಿ ಮನೆಗಳಲ್ಲಿ ತೊರೆಯ ನೀರಿನಿಂದ ತಿರುಗುವ ಕಿರು ಟರ್ಬೈನುಗಳಿವೆ. 1 ಕಿಲೋವಾಟಿನ ಟರ್ಬೈನು ಕಾಲು ಗಂಟೆಯಲ್ಲಿ ಕೊಡುವ ವಿದ್ಯುತ್ತು, ಬ್ಯಾಟರಿ ಮೋಟಾರುಗಳ ನಷ್ಟವನ್ನು ಕಳೆದರೂ, ಮೇಲೆ ಹೇಳಿದ ಐನೂರು ಮೀಟರ್ ಏರಿಗೆ ಸಾಕು. ಗೇರಿಲ್ಲದ ಹಬ್ ಮೋಟಾರಾದರೆ ಇಳಿಯುವಾಗ ಅದೇ ಡೈನಮೊ ಆಗಿ ಚಕ್ರವನ್ನು ತಡೆಯಬಲ್ಲದು. ಬ್ರೇಕಿನ ಹೊರೆ ಅಷ್ಟು ತಗ್ಗುತ್ತದೆ. ಪರವಾನಗಿ ಬೇಡದ ವಿದ್ಯುತ್ ಸೈಕಲ್ಲಿನ ಮಿತಿ 250 ವಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗ. ಹತ್ತಕ್ಕೊಂದರ ಏರಿನಲ್ಲಿ ಅದೊಂದೇ ಸಾಲದು. ಮೋಟಾರಿನ 250ರ ಜೊತೆ ಸವಾರನ ಕಾಲಿನ 75 ವಾಟ್ ಸೇರಿದಾಗ ಗಂಟೆಗೆ 10 ಕಿ.ಮೀ.ಗಿಂತ ತುಸು ಹೆಚ್ಚಿನ ವೇಗ ದಕ್ಕುತ್ತದೆ. ಹಮಾಮಾತ್ಸುವಿನ ಸವಾರರಂತೆ ಇಲ್ಲಿಯೂ ಪೆಡಲ್ ತುಳಿಯುವುದು ತಪ್ಪಿದ್ದಲ್ಲ.