ಮಧುಮೇಹಿಗಳ ಪಾದರಕ್ಷಣೆ ಮತ್ತು ವ್ಯಾಯಾಮ ಚಿಕಿತ್ಸೆ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ರೈತನಿಗೆ ಕಾಲೇ ಬಂಡವಾಳ. ಆಲೂಗೆಡ್ಡೆಯ ಹೊಲದಲ್ಲಾಗಲಿ, ತೆಂಗಿನ ತೋಟದಲ್ಲಾಗಲಿ ಬರಿಗಾಲಿನಲ್ಲಿ ದುಡಿಯುವುದು ನಮ್ಮಲ್ಲಿ ಅನೇಕರ ರೂಢಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ರೂಢಿಯೇ ಅಪಾಯಕಾರಿ.

ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿಯೇ ಉಳಿದರೆ ನರಗಳು ಕೆಡುತ್ತವೆ. ದೇಹದ ಅತಿ ಉದ್ದವಾದ ನರಗಳು ಪಾದವನ್ನು ಸೇರುವುದರಿಂದ ಕೇಡು ಸಾಮಾನ್ಯವಾಗಿ ಮೊದಲು ಕಾಲ್ಬೆರಳುಗಳಲ್ಲಿ ಕಾಣುತ್ತದೆ. ಜೋಮು, ಉರಿ, ಹತ್ತಿಯ ಮೇಲೆ ನಡೆದಂತಹ ಅನುಭವ ಇದರ ಲಕ್ಷಣಗಳು. ಕ್ರಮೇಣ ಮುಳ್ಳು ಚುಚ್ಚಿದರೂ ತಿಳಿಯದು. ನೋವಿಲ್ಲವೆಂದು ಸಮಾಧಾನಪಡಬೇಡಿ, ನೋವು ದೇಹದ ಕಾವಲುಗಾರ. ಕಾವಲಿಲ್ಲದ ಪಾದದಲ್ಲಿ ಸಣ್ಣ ಗಾಯವೂ ಹುಣ್ಣಾಗಿ, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಒದಗಬಹುದು.

1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಚಿಕಿತ್ಸೆಯಲ್ಲಿ ಕಂಡುಕೊಂಡ ಪಾಠವೂ ಇದೇ: ಸ್ಪರ್ಶಜ್ಞಾನವಿಲ್ಲದ ಪಾದವನ್ನು ಒತ್ತಡದಿಂದಲೂ ಗಾಯದಿಂದಲೂ ಕಾಪಾಡಬೇಕು.

ವ್ಯಾಯಾಮವು ಸ್ನಾಯುಗಳಿಗೆ ಬಲವನ್ನೂ ನಡಿಗೆಗೆ ಸಮತೋಲನವನ್ನೂ ಕೊಡುತ್ತದೆ. ಆದರೆ ಔಷಧಿ, ಪಥ್ಯಗಳಿಗೆ ಅದು ಬದಲಿಯಲ್ಲ. ವೈದ್ಯರ ಸಲಹೆ ಪಡೆದು ಮನೆಯಲ್ಲಿಯೇ ಹೀಗೆ ಮಾಡಿರಿ:

1. ಜಗಲಿಯ ಮೇಲೆ ಕುಳಿತು ಪಾದಗಳನ್ನು ಮೇಲಕ್ಕೂ ಕೆಳಕ್ಕೂ 10 ಸಲ ಬಾಗಿಸಿ, ಅನಂತರ ಸುತ್ತಲೂ ತಿರುಗಿಸಿರಿ.

2. ನೆಲದಲ್ಲಿ ಹಾಸಿದ ವಸ್ತ್ರವನ್ನು ಕಾಲ್ಬೆರಳುಗಳಿಂದ ಮುದುರಿ ಎಳೆಯಿರಿ.

3. ಗೋಡೆ ಹಿಡಿದು ಹಿಮ್ಮಡಿಗಳನ್ನು ಮೆಲ್ಲನೆ 10 ಸಲ ಎತ್ತಿ ಇಳಿಸಿರಿ.

4. ಗೋಡೆ ಹಿಡಿದೇ ಒಂದು ಪಾದದ ಮುಂದೆ ಇನ್ನೊಂದನ್ನಿರಿಸಿ 10 ಎಣಿಸುವವರೆಗೆ ನಿಲ್ಲಿರಿ. ಆಗ ಸಂಗಾತಿಯು ಪಕ್ಕದಲ್ಲಿರಲಿ.

ಅಂಗಾಲಿನಲ್ಲಿ ಹುಣ್ಣಿದ್ದರೆ ಕಾಲಿನ ಮೇಲೆ ಭಾರ ಬೀಳುವ ವ್ಯಾಯಾಮ ಸಲ್ಲದು. ಇನ್ಸುಲಿನ್ ಪಡೆಯುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡದೆ, ಸ್ವಲ್ಪ ಸಕ್ಕರೆಯನ್ನು ಬಳಿಯಲ್ಲಿಟ್ಟುಕೊಳ್ಳಬೇಕು.

ಪ್ರತಿ ರಾತ್ರಿ ಪತಿಪತ್ನಿಯರು ಪರಸ್ಪರ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿರಿ. ಪಾದ ತೊಳೆಯುವ ನೀರಿನ ಬಿಸಿಯನ್ನು ಕಾಯಿಲೆ ಇಲ್ಲದವರ ಕೈಯೇ ಪರೀಕ್ಷಿಸಲಿ; ಬೆರಳ ಸಂದುಗಳನ್ನು ಒರೆಸಿರಿ. ಜೋಮು ಹೋಗಲೆಂದು ಕಾದ ಇಟ್ಟಿಗೆಯ ಶಾಖ ಕೊಡಬೇಡಿ, ಸುಟ್ಟರೂ ತಿಳಿಯದು. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಮೆಟ್ಟನ್ನು ಕೊಡವಿ, ಒಳಗೆ ಕಲ್ಲುಮುಳ್ಳಿಲ್ಲವೆಂದು ನೋಡಿ ಮೆಟ್ಟಿರಿ.

ಗೃಹಿಣಿಯರು ತಮ್ಮ ಗಾಯವನ್ನು ಮುಚ್ಚಿಟ್ಟು ದುಡಿಯುವುದುಂಟು. ಮದುವೆಯ ದಿನ ಕಾಲುಂಗುರ ತೊಡಿಸಿದ ಕೈಗೆ ಆ ಪಾದವನ್ನು ಪರೀಕ್ಷಿಸುವುದು ಕುಂದಲ್ಲ. ಬೆರಳು ಬಾತು ಕಾಲುಂಗುರ ಬಿಗಿಯಾಗಿದ್ದರೆ ತಡಮಾಡದೆ ತೆಗೆಯಿಸಿರಿ.

ವರ್ಷಕ್ಕೊಮ್ಮೆಯಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಪಾದಗಳ ಸ್ಪರ್ಶಪರೀಕ್ಷೆ ಮಾಡಿಸಿರಿ. ಹುಣ್ಣು, ಕೀವು, ಬಾವು ಅಥವಾ ಬಣ್ಣದ ಬದಲಾವಣೆ ಕಂಡರೆ ಅಂದೇ ಹೊರಡಿರಿ. ಗಂಡನ ಕಾಲಿಗೆ ಹೆಂಡತಿಯ ಕಣ್ಣು, ಹೆಂಡತಿಯ ಕಾಲಿಗೆ ಗಂಡನ ಕಣ್ಣು ಕಾವಲಾಗಲಿ.